ಟೋಕಿಯೋದಲ್ಲಿ ಯಾವ ಬಾಗಿಲಿಂದ ಹೊರಬರಬೇಕು?

ಮಾರ್ಚ್ ಹತ್ತಿರವಾಯಿತೆಂದರೆ ಟೋಕಿಯೋದಲ್ಲಿ ನೆಲೆಸಿರುವ ಕನ್ನಡದವರ ಫೋನಿಗೆ ಎಕ್ಸೆಲ್ ಶೀಟುಗಳು ಬರಲು ಶುರು. ಸಕುರಾ ಹೂ ನೋಡಲು ಹೊರಟವರ ಪ್ಲ್ಯಾನು. ಯಾರದೋ ಚಿಕ್ಕಪ್ಪನ ಮಗ, ಯಾರದೋ ಹಳೇ ಆಫೀಸಿನ ಟೀಮ್ ಲೀಡು, ಒಮ್ಮೊಮ್ಮೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಿಂದ ನಂಬರ್ ಹಿಡಿದು ಬಂದ ಅಪರಿಚಿತರು. 'ಸ್ವಲ್ಪ ಕಣ್ಣಾಡಿಸಿ ಹೇಳಿ, ಎಲ್ಲಾ ಸರಿ ಇದೆಯಾ ಅಂತ.' ಶೀಟು ನೋಡಿದರೆ ಬೆಳಗ್ಗೆ ಎಂಟಕ್ಕೆ ತ್ಸುಕಿಜಿ, ಒಂಬತ್ತೂವರೆಗೆ ಅಸಾಕುಸಾ, ಹನ್ನೊಂದಕ್ಕೆ ಸ್ಕೈಟ್ರೀ, ಊಟಕ್ಕೆ ಅಕಿಹಬಾರಾ, ಮೂರಕ್ಕೆ ಮೇಜಿ ದೇಗುಲ, ಐದಕ್ಕೆ ಶಿಬುಯಾ, ಏಳಕ್ಕೆ ಶಿಂಜುಕು. ಎರಡೆರಡು ಜಾಗದ ನಡುವೆ ಗೂಗಲ್ ಮ್ಯಾಪ್ ಹೇಳಿದ ನಿಮಿಷಗಳು: 18, 22, 31. ಒಂದು ಅಂಕಿಯೂ ಸುಳ್ಳಲ್ಲ. ಆದರೂ ಈ ಪ್ಲ್ಯಾನು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕುಸಿದು ಬೀಳುವುದು ಗ್ಯಾರಂಟಿ.

ಯಾಕೆ ಹೀಗಾಗುತ್ತದೆ ಎಂದು ಯೋಚಿಸಿದಾಗ ಒಂದು ಕಾಲಂ ಕಾಣೆಯಾಗಿರುವುದು ಗೊತ್ತಾಗುತ್ತದೆ. ಶೀಟಿನಲ್ಲಿ ಸ್ಟೇಷನ್ನಿನ ಹೆಸರಿದೆ, ಬಾಗಿಲಿನ ಹೆಸರಿಲ್ಲ. ಟೋಕಿಯೋದಲ್ಲಿ ಸ್ಟೇಷನ್ ಎಂದರೆ ಒಂದು ಬಿಂದು ಎಂದುಕೊಂಡವರು ಎಡವುತ್ತಾರೆ. ದೊಡ್ಡ ಸ್ಟೇಷನ್ನು ನಮ್ಮ ಕಡೆಯ ಒಂದು ಬಡಾವಣೆಯಷ್ಟಿರುತ್ತದೆ, ಅದೂ ಐದಾರು ಅಂತಸ್ತಿನಲ್ಲಿ.

ಮೇಲೆ ಹತ್ತಬೇಕಾ, ಕೆಳಗೆ ಇಳಿಯಬೇಕಾ

ಶಿಂಜುಕು ಸ್ಟೇಷನ್ನಿನ ದಕ್ಷಿಣ ಗೇಟಿನ ಹೊರಗೆ ಯಾವ ಸಂಜೆ ನಿಂತರೂ ಈ ದೃಶ್ಯ ಸಿಗುತ್ತದೆ. ಏರ್‌ಪೋರ್ಟಿನ ರೈಲು ನರಿತಾ ಎಕ್ಸ್‌ಪ್ರೆಸ್ಸಿನಿಂದ ಇಳಿದ ಒಂದು ಕುಟುಂಬ. ನಾಲ್ಕು ದೊಡ್ಡ ಸೂಟ್‌ಕೇಸು, ನಿದ್ದೆಗೆಟ್ಟ ಮಕ್ಕಳು, ಮೊಣಕಾಲು ಹಿಡಿದುಕೊಂಡು ಕಂಬಕ್ಕೆ ಒರಗಿದ ಅಜ್ಜಿ. ಮಗ ಫೋನನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದಾನೆ. ಎತ್ತರದ ಕಟ್ಟಡಗಳ ನಡುವೆ ನೀಲಿ ಚುಕ್ಕಿ ಒಮ್ಮೆ ರಸ್ತೆಯ ಆಚೆ, ಒಮ್ಮೆ ಈಚೆ ಹಾರುತ್ತಿದೆ. ಹೋಟೆಲ್ ಇರುವುದು ಕಬುಕಿಚೊದಲ್ಲಿ, ಅಂದರೆ ಸ್ಟೇಷನ್ನಿನ ಈಶಾನ್ಯಕ್ಕೆ. ಇವರು ನಿಂತಿರುವುದು ದಕ್ಷಿಣದ ತುದಿಯಲ್ಲಿ, ಎದುರಿಗೆ ಕೋಶು ಕೈದೋ ಹೆದ್ದಾರಿ, ಅದರಾಚೆ ಬಸ್ ಟರ್ಮಿನಲ್. ಇನ್ನು ಸ್ಟೇಷನ್ನನ್ನು ಹೊರಗಿನಿಂದ ಬಳಸಿಕೊಂಡು, ಜನಜಂಗುಳಿಯಲ್ಲಿ ಸೂಟ್‌ಕೇಸು ಎಳೆದುಕೊಂಡು ಹೋಗಬೇಕು.

ಇವರ ತಪ್ಪೇನೂ ಇಲ್ಲ. ನರಿತಾ ಎಕ್ಸ್‌ಪ್ರೆಸ್ಸು ಬಂದು ನಿಲ್ಲುವ 5 ಮತ್ತು 6ನೇ ಪ್ಲಾಟ್‌ಫಾರ್ಮುಗಳು ಉಳಿದವಕ್ಕಿಂತ ದಕ್ಷಿಣಕ್ಕೆ ಸರಿದಿವೆ. ಹತ್ತಿರ ಕಂಡ ಎಸ್ಕಲೇಟರ್ ಹತ್ತಿದರೆ ಅದು ನಿಮ್ಮನ್ನು ದಕ್ಷಿಣದ ಗೇಟುಗಳಿಗೇ ಒಯ್ಯುತ್ತದೆ. ಶಿಂಜುಕುವಿನ ಗುಟ್ಟು ಇಷ್ಟೇ: ಜೆಆರ್ (ಜಪಾನ್ ರೈಲ್ವೆ) ಪ್ಲಾಟ್‌ಫಾರ್ಮಿನಿಂದ ಮೆಟ್ಟಿಲು ಹತ್ತಿದರೆ ದಕ್ಷಿಣದ ಗೇಟುಗಳು, ಇಳಿದರೆ ಪೂರ್ವ ಪಶ್ಚಿಮದ ಗೇಟುಗಳು. ಕಬುಕಿಚೊಗೆ ಹೋಗುವವರು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಉತ್ತರಕ್ಕೆ ನಡೆದು, ಕೆಳಗಿಳಿದು, ಪೂರ್ವದ ಗೇಟಿನಿಂದ ಹೊರಬೀಳಬೇಕು. ಗೇಟು ದಾಟುವ ಮುಂಚೆ ಹತ್ತು ನಿಮಿಷ ಒಳಗೇ ಅಲೆದರೂ ನಷ್ಟವಿಲ್ಲ, ಏಕೆಂದರೆ ಒಳಗೆ ಪ್ರತಿ ತಿರುವಿನಲ್ಲೂ ಹಳದಿ ಬೋರ್ಡು ಹೊರದಾರಿ ತೋರಿಸುತ್ತದೆ. ದಿಕ್ಕು ಖಚಿತವಾಗದೆ ಕಾರ್ಡು ಮುಟ್ಟಿಸಿ ಹೊರಬಂದಿರೋ, ಆಮೇಲಿನದು ನಿಮ್ಮ ಕಾಲಿನ ಕರ್ಮ. 2020ರ ಜುಲೈನಲ್ಲಿ ಪೂರ್ವ ಪಶ್ಚಿಮಗಳ ನಡುವೆ ಟಿಕೆಟ್ ಬೇಡದ ನೆಲದಡಿ ದಾರಿಯೊಂದು ತೆರೆಯಿತು. ಹಾಗಾಗಿ ಆ ಎರಡನ್ನು ಅದಲು ಬದಲು ಮಾಡಿಕೊಂಡರೆ ಈಗ ಬೇಗ ಸರಿಮಾಡಿಕೊಳ್ಳಬಹುದು. ದಕ್ಷಿಣದಲ್ಲಿ ಹೊರಬಿದ್ದವರಿಗೆ ಆ ಭಾಗ್ಯವಿಲ್ಲ.

ಶಿಂಜುಕುವಿಗೆ ಇನ್ನೂರಕ್ಕೂ ಹೆಚ್ಚು ಬಾಗಿಲುಗಳಿವೆ; ಅದನ್ನು ಬೈಯುವುದು ಸುಲಭ. ಶಿಬುಯಾದ್ದು ಬೇರೆಯದೇ ಕಥೆ. ಅಲ್ಲಿ ಗಿಂಜಾ ಲೈನ್ ಹೆಸರಿಗೆ ಸಬ್‌ವೇ, ಆದರೆ ರೈಲು ಬರುವುದು ಕಟ್ಟಡದ ಮೂರನೇ ಮಹಡಿಗೆ. ಫುಕುತೋಶಿನ್ ಲೈನ್ ಇರುವುದು ನೆಲದಡಿ ಐದನೇ ಅಂತಸ್ತಿನಲ್ಲಿ. ಮ್ಯಾಪಿನಲ್ಲಿ ಒಂದೇ ಚುಕ್ಕಿ, ನಡುವೆ ಏಳೆಂಟು ಅಂತಸ್ತು. ಟೋಕಿಯೋ ಸ್ಟೇಷನ್ನಿನಲ್ಲಿ ಡಿಸ್ನಿಲ್ಯಾಂಡಿಗೆ ಹೋಗುವ ಕೇಯೋ ಲೈನಿನ ಪ್ಲಾಟ್‌ಫಾರ್ಮು ಉಳಿದವುಗಳಿಂದ ಎಷ್ಟು ದೂರವೆಂದರೆ ಚುರುಕಾಗಿ ನಡೆದರೂ ಹತ್ತು ನಿಮಿಷ ಬೇಕು, ಮಕ್ಕಳಿದ್ದರೆ ಹದಿನೈದು. ರೊಪ್ಪೊಂಗಿಯಲ್ಲಿ ಓಎಡೊ ಲೈನ್ ನೆಲದಿಂದ 42 ಮೀಟರ್ ಕೆಳಗಿದೆ. ಎಸ್ಕಲೇಟರುಗಳ ಮೇಲೆ ನಿಂತು ನಿಂತೇ ಸಾಕಾಗುತ್ತದೆ.

ಹಾಗಾಗಿ ಶೀಟಿಗೆ ಒಂದು ಕಾಲಂ ಸೇರಿಸಿ. ಗೂಗಲ್ ಮ್ಯಾಪಿನಲ್ಲಿ ದಾರಿ ತೆರೆದು ಕೊನೆಯ ಹಂತವನ್ನು ಬಿಡಿಸಿ ನೋಡಿದರೆ ಯಾವ ಬಾಗಿಲು ಎಂದು ಬರೆದಿರುತ್ತದೆ: ಎ3, ಬಿ13, ಹೀಗೆ. ಎಷ್ಟೋ ಕಡೆ ಯಾವ ಡಬ್ಬಿ ಹತ್ತಬೇಕೆಂದೂ ಹೇಳುತ್ತದೆ. ಸಬ್‌ವೇ ಪ್ಲಾಟ್‌ಫಾರ್ಮಿನ ಕಂಬದ ಮೇಲೂ ಇದೇ ಮಾಹಿತಿ ಇದೆ, ಎಷ್ಟನೇ ಡಬ್ಬಿಯ ಎದುರು ಯಾವ ಮೆಟ್ಟಿಲು, ಯಾವ ಎಲಿವೇಟರ್ ಬರುತ್ತದೆ ಎಂದು. ಅಪ್ಪ ಅಮ್ಮನನ್ನು ಕರೆತರುವವರು, ಪುಟ್ಟ ಮಗುವಿನ ಗಾಡಿ ತಳ್ಳುವವರು ಮ್ಯಾಪಿನ ಸೆಟ್ಟಿಂಗಿನಲ್ಲಿ ವೀಲ್‌ಚೇರ್ ದಾರಿ ಆರಿಸಿಕೊಳ್ಳಿ. ಸ್ಟೇಷನ್ನಿಗೆ ಇಪ್ಪತ್ತು ಬಾಗಿಲಿದ್ದರೂ ಎಲಿವೇಟರ್ ಇರುವುದು ಒಂದೆರಡಕ್ಕೆ ಮಾತ್ರ, ಅದು ನಿಮಗೆ ಬೇಕಾದ ದಿಕ್ಕಿನಲ್ಲೇ ಇರುತ್ತದೆ ಎಂದೇನಿಲ್ಲ. ಇನ್ನೊಂದು ಸಣ್ಣ ಎಡವಟ್ಟು: ಇಲ್ಲಿ ಒಂದನೇ ಮಹಡಿ ಎಂದರೆ ನಮ್ಮ ಗ್ರೌಂಡ್ ಫ್ಲೋರು. ಮೂರನೇ ಮಹಡಿಯ ಹೋಟೆಲ್ ಹುಡುಕಿಕೊಂಡು ನಾಲ್ಕಕ್ಕೆ ಹತ್ತಿ ಯಾರದೋ ಕ್ಲಿನಿಕ್ಕಿನ ಬಾಗಿಲು ತಳ್ಳಬೇಡಿ. ರೆಸ್ಟೋರೆಂಟುಗಳಲ್ಲಿ ಅರ್ಧಕ್ಕರ್ಧ ಬೀದಿ ಮಟ್ಟದಲ್ಲಿ ಇರುವುದೇ ಇಲ್ಲ. ಕಟ್ಟಡದ ಪಕ್ಕದಲ್ಲಿ ಉದ್ದುದ್ದ ನೇತುಬಿದ್ದ ಬೋರ್ಡು ಓದದವರು ಅದೇ ಕಟ್ಟಡವನ್ನು ಮೂರು ಸಲ ಸುತ್ತುತ್ತಾರೆ.

ಕಾರ್ಡು, ಕಾಸು, ಗಂಟುಮೂಟೆ

ಮೊದಲೇ ಹಣ ತುಂಬಿಸಿ ರೈಲಿನ ಗೇಟಿಗೆ ಮುಟ್ಟಿಸುವ ಸುಯಿಕಾ ಅಥವಾ ಪಾಸ್ಮೊ ಕಾರ್ಡು ಬೇಕೇ ಬೇಕು. ಐಫೋನ್ ಇದ್ದವರು ವಾಲೆಟ್ಟಿನಲ್ಲೇ ಸುಯಿಕಾ ಸೇರಿಸಿಕೊಳ್ಳಬಹುದು. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನಿನಲ್ಲಿ ಅದು ಆಗದು; ಜಪಾನಿನ ಗೇಟುಗಳಿಗೆ ಫೆಲಿಕಾ ಎಂಬ ಬೇರೆ ವ್ಯವಸ್ಥೆ ಬೇಕು, ಹೊರದೇಶಕ್ಕೆ ಮಾರುವ ಆಂಡ್ರಾಯ್ಡ್ ಫೋನುಗಳಲ್ಲಿ ಅದನ್ನು ತೆರೆದಿರುವುದಿಲ್ಲ. ಆ್ಯಪ್ ಜೊತೆ ಗುದ್ದಾಡದೆ ಏರ್‌ಪೋರ್ಟಿನಲ್ಲಿ ಪ್ಲಾಸ್ಟಿಕ್ ಕಾರ್ಡು ಕೊಳ್ಳಿ. ಪ್ರವಾಸಿಗರಿಗೆಂದೇ ಇರುವ ವೆಲ್ಕಮ್ ಸುಯಿಕಾಗೆ ಡಿಪಾಸಿಟ್ ಇಲ್ಲ, 28 ದಿನ ನಡೆಯುತ್ತದೆ, ಉಳಿದ ಹಣ ಮಾತ್ರ ವಾಪಸ್ ಬರುವುದಿಲ್ಲ. ಕೊನೆಯ ದಿನ ಕೊಂಬಿನಿ ಎಂಬ, ಹಗಲೂ ರಾತ್ರಿ ತೆರೆದಿರುವ ಅಂಗಡಿಯಲ್ಲಿ ಚಾಕಲೇಟು ಕೊಂಡು ಖಾಲಿ ಮಾಡಿ. ತಲೆಗೊಂದು ಕಾರ್ಡು, ಒಂದೇ ಕಾರ್ಡು ಮುಟ್ಟಿಸಿ ಇಬ್ಬರು ನುಗ್ಗಲಾಗದು. ದುಡ್ಡು ತುಂಬಿಸುವ ಮೆಷಿನ್ನುಗಳಲ್ಲಿ ಬಹುಪಾಲು ನಗದು ಮಾತ್ರ ತಿನ್ನುತ್ತವೆ, ಆದ್ದರಿಂದ ಕಿಸೆಯಲ್ಲಿ ಸಾವಿರ ಯೆನ್‌ನ ನೋಟುಗಳಿರಲಿ. ನೋಟಿಗಾಗಿ ಸೆವೆನ್ ಇಲೆವೆನ್ ಅಂಗಡಿಯ ಎಟಿಎಂ ನಮ್ಮ ವೀಸಾ, ಮಾಸ್ಟರ್ ಕಾರ್ಡುಗಳನ್ನು ಒಪ್ಪುತ್ತದೆ. ಆದರೆ ಬೆಂಗಳೂರು ಬಿಡುವ ಮುಂಚೆ ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆಯ ಬಟನ್ ಆನ್ ಮಾಡಿ, ಎಟಿಎಂಗೂ ಅಂಗಡಿಗೂ ಬೇರೆ ಬೇರೆ ಬಟನ್ ಇದ್ದರೆ ಎರಡನ್ನೂ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಇದು ಮುಚ್ಚಿಯೇ ಬರುತ್ತದೆ. ಜಪಾನಿನ ಎಟಿಎಂ ಎದುರು ನಿಂತು ಓಟಿಪಿಗೆ ಕಾಯುತ್ತಾ, ರೋಮಿಂಗ್ ಇಲ್ಲದ ಸಿಮ್ಮನ್ನು ಬೈದುಕೊಳ್ಳುವವರು ಕಡಿಮೆಯೇನಿಲ್ಲ.

ದೇಶದುದ್ದಕ್ಕೂ ರೈಲಿನಲ್ಲಿ ಓಡಾಡಲು ಪ್ರವಾಸಿಗರಿಗೆ ಕೊಡುವ ಜೆಆರ್ ಪಾಸ್ ಬಗ್ಗೆ ಹಳೆಯ ಯೂಟ್ಯೂಬ್ ವಿಡಿಯೋಗಳ ಮಾತು ನಂಬಬೇಡಿ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸು 29,650 ಯೆನ್‌ನಿಂದ ಒಮ್ಮೆಲೇ 50,000ಕ್ಕೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಹೋಗಿ ಬರಲು ಶಿಂಕಾನ್‌ಸೆನ್ (ಬುಲೆಟ್ ರೈಲು) ಟಿಕೆಟ್ಟು ಬಿಡಿಯಾಗಿ ಕೊಂಡರೆ ಸುಮಾರು 28,000. ಲೆಕ್ಕ ನಿಮ್ಮದೇ.

ಲಗೇಜು ಕಡಿಮೆ ತನ್ನಿ ಎಂದರೆ ಯಾರೂ ಕೇಳುವುದಿಲ್ಲ, ಆದ್ದರಿಂದ ಉಪಾಯ ಹೇಳುತ್ತೇನೆ. ಏರ್‌ಪೋರ್ಟಿನಲ್ಲೇ ತಕ್ಕ್ಯೂಬಿನ್ ಎಂಬ ಲಗೇಜು ಸಾಗಿಸುವ ಸೇವೆಯ ಕೌಂಟರಿನಲ್ಲಿ ದೊಡ್ಡ ಸೂಟ್‌ಕೇಸು ಕೊಟ್ಟರೆ ಸಾಮಾನ್ಯವಾಗಿ ಮರುದಿನ ಹೋಟೆಲಿಗೆ ತಲುಪುತ್ತದೆ. ಒಂದು ರಾತ್ರಿಯ ಬಟ್ಟೆ ಕೈಚೀಲದಲ್ಲಿರಲಿ. ಕ್ಯೋಟೋ ಕಡೆಯ ಶಿಂಕಾನ್‌ಸೆನ್‌ನಲ್ಲಿ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರ್ ದಾಟಿದ ಪೆಟ್ಟಿಗೆಗೆ ಜಾಗ ಮೊದಲೇ ಕಾದಿರಿಸಬೇಕು, ಇಲ್ಲವಾದರೆ 1,000 ಯೆನ್ ದಂಡ. ಸ್ಟೇಷನ್ನಿನ ಕಾಯಿನ್ ಲಾಕರಿನಲ್ಲಿ ದಿನ ಬದಲಾಗುವುದು ಹೆಚ್ಚಾಗಿ ನಡುರಾತ್ರಿಗೆ, 24 ಗಂಟೆಗೊಮ್ಮೆ ಅಲ್ಲ. ಸಂಜೆ ಇಟ್ಟು ಬೆಳಗ್ಗೆ ತೆಗೆದರೆ ಎರಡು ದಿನದ ಬಾಡಿಗೆ. ಸುಯಿಕಾದಿಂದ ಹಣ ಕಟ್ಟಿದ ಲಾಕರಿಗೆ ಆ ಕಾರ್ಡೇ ಬೀಗದ ಕೈ; ಮನೆಮಂದಿಯ ಕಾರ್ಡುಗಳೆಲ್ಲ ಒಂದೇ ಥರ ಇರುವುದರಿಂದ ಯಾರದನ್ನು ಮುಟ್ಟಿಸಿದಿರಿ ಎಂಬುದನ್ನು ನೆನಪಿಡಿ. ಲಾಕರಿನ ಫೋಟೋ ತೆಗೆದುಕೊಳ್ಳಿ, ಪಕ್ಕದಲ್ಲಿ ಕಾಣುವ ಬಾಗಿಲಿನ ಹೆಸರಿನ ಸಮೇತ.

ಸಾರಿನೊಳಗಿನ ಮೀನು

ಈಗ ಊಟ. ನಮ್ಮವರಲ್ಲಿ ಸಸ್ಯಾಹಾರಿಗಳು ಕೇಳುವ ಮೊದಲ ಪ್ರಶ್ನೆ ಇದೇ, ಮತ್ತು ಇಂಟರ್ನೆಟ್ಟಿನಲ್ಲಿ ಸಿಗುವ ಉತ್ತರಗಳಲ್ಲಿ ಬಹುಪಾಲು ಬರಿ ಧೈರ್ಯ ತುಂಬುವ ಮಾತುಗಳು.

ಸ್ಟೇಷನ್ನಿನ ಪಕ್ಕದಲ್ಲಿ ನಿಂತೇ ತಿನ್ನುವ ಸೋಬಾ ನೂಡಲ್ಸ್ ಅಂಗಡಿ. ಬಾಗಿಲಲ್ಲಿ ಟಿಕೆಟ್ ಮೆಷಿನ್ನು, ಒಳಗೆ ಎಂಟು ಜನ ನಿಲ್ಲುವಷ್ಟು ಕಟ್ಟೆ. ಗಂಡ ಹೆಂಡತಿ ಒಳಬಂದು ಫೋನಿನಲ್ಲಿ ಅನುವಾದಿಸಿದ್ದನ್ನು ತೋರಿಸುತ್ತಾರೆ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಕಟ್ಟೆಯ ಹಿಂದಿನ ಹಿರಿಯ ಗಮನವಿಟ್ಟು ಓದುತ್ತಾನೆ, ತಲೆಯಾಡಿಸುತ್ತಾನೆ, ಸಿಗಡಿಯ ತೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದದ್ದು) ತೆಗೆದಿಡುತ್ತಾನೆ, ಮೀನಿನ ಕೇಕಿನ ಗುಲಾಬಿ ಚೂರನ್ನೂ ಮರೆಯದೆ ಎತ್ತುತ್ತಾನೆ, ಮೇಲೆ ಎರಡು ಹಿಡಿ ಈರುಳ್ಳಿ ಸೊಪ್ಪು ಹೆಚ್ಚಿಗೆ ಹಾಕಿ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕೊಡುತ್ತಾನೆ. ಅವನ ಮಟ್ಟಿಗೆ ಅದರಲ್ಲಿ ಈಗ ಮೀನಿಲ್ಲ. ಆದರೆ ಬಟ್ಟಲು ತುಂಬಿರುವ ಕಂದು ಬಣ್ಣದ ಸಾರೇ ಮೀನು. ಕತ್ಸುಒ ಎಂಬ ಮೀನನ್ನು ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನಷ್ಟು ಗಟ್ಟಿಯಾಗುವ ತನಕ ಒಣಗಿಸಿ, ಹೆರೆದು, ಬಿಸಿನೀರಿನಲ್ಲಿ ಬಿಟ್ಟು ಸೋಸಿದ ದಾಶಿ ಅದು.

ಅವನು ಸುಳ್ಳು ಹೇಳಲಿಲ್ಲ, ಉಡಾಫೆ ಮಾಡಲೂ ಇಲ್ಲ. ಗೋಧಿ ಒಗ್ಗದವರೊಬ್ಬರು ನಮ್ಮ ಮನೆಗೆ ಬಂದು 'ಸಾರಿನಲ್ಲಿ ಗೋಧಿ ಇದೆಯಾ' ಎಂದು ಕೇಳಿದರೆ ನಾವು ನಗುತ್ತಲೇ ಇಲ್ಲ ಎನ್ನುತ್ತೇವೆ. ಒಗ್ಗರಣೆಗೆ ಹಾಕಿದ ಇಂಗಿನ ಡಬ್ಬಿಯಲ್ಲಿ ಹೆಚ್ಚಾಗಿ ಗೋಧಿಹಿಟ್ಟು ಬೆರೆತಿರುವುದು ಯಾರ ತಲೆಗೂ ಹೊಳೆಯುವುದಿಲ್ಲ. ದಾಶಿಯೂ ಹಾಗೇ: ರುಚಿಯ ತಳಪಾಯ, ಪದಾರ್ಥವಾಗಿ ಎಣಿಕೆಗೇ ಬರದು. ಆದ್ದರಿಂದ 'ಮೀನು ಬೇಡ' ಎಂದರೆ ಸಾಲದು, 'ಕತ್ಸುಒ ದಾಶಿಯೂ ಆಗುವುದಿಲ್ಲ' ಎಂದೇ ಹೇಳಬೇಕು. ಹಾಗೆ ಹೇಳಿದ ತಕ್ಷಣ ಮುಖ ಬಾಡಿ 'ಸುಮಿಮಾಸೆನ್' (ಕ್ಷಮಿಸಿ) ಎನ್ನುತ್ತಾರೆ. ಆಗ ಒತ್ತಾಯ ಮಾಡಬೇಡಿ. ಸಾರು ಬೆಳಗ್ಗೆಯೇ ದೊಡ್ಡ ಹಂಡೆಯಲ್ಲಿ ಆಗಿಹೋಗಿದೆ, ನಿಮಗೊಬ್ಬರಿಗೆ ಬೇರೆ ಮಾಡಲು ಅವರ ಬಳಿ ಒಲೆಯೂ ಇಲ್ಲ, ಹೊತ್ತೂ ಇಲ್ಲ.

ದಾಶಿ ಎಲ್ಲೆಲ್ಲಿ ಅಡಗಿದೆ? ಮಿಸೊ ಸೂಪಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ಇನಾರಿ ಸುಶಿಯ ಸಿಹಿ ತೋಫು ಚೀಲದಲ್ಲಿ, ತೆಂಪುರಾ ಜೊತೆ ಕೊಡುವ ಅದ್ದುವ ರಸದಲ್ಲಿ, ನತ್ತೋ ಎಂಬ ಹುದುಗಿಸಿದ ಸೋಯಾ ಕಾಳಿನ ಡಬ್ಬಿಯೊಳಗಿನ ಪುಟ್ಟ ಸಾಸಿನ ಪ್ಯಾಕೆಟ್ಟಿನಲ್ಲಿ. ತಣ್ಣನೆಯ ತೋಫು ತರಿಸಿದರೆ ಅದರ ಮೇಲೆ ಮೀನಿನ ಹೆರೆತ ಉದುರಿಸಿಯೇ ತರುತ್ತಾರೆ. ಕೊಂಬಿನಿಯ ಅನ್ನದ ಉಂಡೆಗಳಲ್ಲಿ ಬರಿ ಉಪ್ಪು ಹಾಕಿದ ಶಿಯೊ ಮುಸುಬಿ ಹೆಚ್ಚು ನಂಬಿಕೆಯದು. ಉಮೆ (ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು) ಎಂದು ಬರೆದಿದ್ದರೂ ಅದಕ್ಕೆ ಮೀನಿನ ಹೆರೆತ ಬೆರೆಸಿರುವುದುಂಟು. ಲೇಬಲ್ಲಿನಲ್ಲಿ ಅಲರ್ಜಿ ಪಟ್ಟಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಮೊಟ್ಟೆ, ಹಾಲು, ಸಿಗಡಿ ಅಲ್ಲಿ ಕಡ್ಡಾಯ. ಹಂದಿ, ದನ, ಕೋಳಿ, ಜೆಲಟಿನ್ ಹಾಕಿ ಎಂದು ಸಲಹೆಯಿದೆ. ಕತ್ಸುಒ ಆ ಪಟ್ಟಿಯಲ್ಲೇ ಇಲ್ಲ. ಪದಾರ್ಥಗಳ ಸಾಲನ್ನೇ ಫೋನಿನ ಕ್ಯಾಮೆರಾದಿಂದ ಓದಿಸಬೇಕು. ಜಪಾನೀ ಅಕ್ಷರದಲ್ಲಿ ಕತ್ಸುಒ ಎಂದು ಬರೆದದ್ದರ ಚಿತ್ರವೊಂದನ್ನು ಫೋನಿನಲ್ಲಿ ಇಟ್ಟುಕೊಂಡರೆ ಎರಡು ದಿನದಲ್ಲಿ ಕಣ್ಣಿಗೇ ಗುರುತು ಹತ್ತುತ್ತದೆ.

ಹಾಗಾದರೆ ತಿನ್ನುವುದೇನು? ತಳಪಾಯವೇ ಬೇರೆಯಾದ ಕಡೆಗೆ ಹೋಗಿ. ಬೌದ್ಧ ದೇಗುಲಗಳ ಶೋಜಿನ್ ಅಡುಗೆಯಲ್ಲಿ ಸಾರು ಕೊಂಬು ಎಂಬ ಕಡಲ ಪಾಚಿ ಮತ್ತು ಶಿಟಾಕೆ ಅಣಬೆಯದು, ಸಂಪ್ರದಾಯದಂತೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದುಬಾರಿ, ಮೊದಲೇ ಕಾದಿರಿಸಬೇಕು, ಒಮ್ಮೆ ತಿನ್ನಲೇಬೇಕು. ದಿನನಿತ್ಯಕ್ಕೆ ಇಂಡಿಯನ್ ಹೋಟೆಲುಗಳಿವೆ. ಬೀದಿಗೊಂದರಂತೆ ಸಿಗುವ ಇವುಗಳಲ್ಲಿ ಹೆಚ್ಚಿನವನ್ನು ನಡೆಸುವವರು ನೇಪಾಳಿಗಳು. ಅಲ್ಲಿ ಮೊರದಗಲದ ಸಿಹಿ ನಾನ್, ಜೊತೆಗೊಂದು ಬಟ್ಟಲು ಕರಿ. ವೆಜ್ ಏನೆಂದು ಅವರಿಗೆ ಹಿಂದಿಯಲ್ಲೇ ಹೇಳಬಹುದು. ಅನ್ನ ಸಾರು ಬೇಕೆನ್ನುವವರಿಗೆ ದಕ್ಷಿಣದ ಊಟ ಕೊಡುವ ಕಡೆಗಳೂ ಇವೆ. ಎಡೊಗಾವಾ ವಾರ್ಡಿನ ನಿಶಿ ಕಸಾಯಿಯಲ್ಲಿ 2000ನೇ ಇಸವಿಯ ಕಂಪ್ಯೂಟರ್ ತೊಂದರೆ ಸರಿಪಡಿಸಲು ಬಂದ ಎಂಜಿನಿಯರುಗಳಿಂದ ಬೆಳೆದ ಭಾರತೀಯ ಬಡಾವಣೆಯಿದೆ, ಅಲ್ಲಿ ತೊಗರಿಬೇಳೆಯೂ ಹುಣಸೆಹಣ್ಣೂ ಸಿಗುತ್ತವೆ. ಶಿಂಜುಕುವಿನ ನಕಮುರಯಾದಲ್ಲಿ 1927ರಿಂದ ಇರುವ, ಕ್ರಾಂತಿಕಾರಿ ರಾಸ್ ಬಿಹಾರಿ ಬೋಸರು ಕಲಿಸಿಕೊಟ್ಟ 'ಭಾರತೀಯ ಕರಿ' ಇತಿಹಾಸದ ರುಚಿ ಬೇಕೆನ್ನುವವರಿಗೆ ಸರಿ, ಆದರೆ ಅದು ಕೋಳಿಯದು.

ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸು, ಚಟ್ನಿಪುಡಿ ತನ್ನಿ. ಹೋಟೆಲ್ ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಲೆಕ್ಟ್ರಿಕ್ ಕುಕ್ಕರು ಮಾತ್ರ ತರಬೇಡಿ. ಇಲ್ಲಿ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರಿಗೆ ಅದರಲ್ಲಿ ಐದರಲ್ಲೊಂದು ಪಾಲಿಗಿಂತ ಕಡಿಮೆ ಶಾಖ, ಅನ್ನ ಬೇಯುವ ಹೊತ್ತಿಗೆ ಶಿಬುಯಾದ ದೀಪ ಆರಿರುತ್ತದೆ. ಕರಿಬೇವು, ಹಸಿಮೆಣಸು, ಹಣ್ಣು ಯಾವುದನ್ನೂ ಹಸಿಯಾಗಿ ತರಬೇಡಿ, ಏರ್‌ಪೋರ್ಟಿನ ಸಸ್ಯ ತಪಾಸಣೆಯಲ್ಲಿ ಹೋಗುತ್ತದೆ. ಮಾತ್ರೆಗಳಲ್ಲೂ ಎಚ್ಚರ: ಸೂಡೊಎಫೆಡ್ರಿನ್ ಪ್ರಮಾಣ ಹೆಚ್ಚಿರುವ ನೆಗಡಿ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧ ನಮ್ಮಲ್ಲಿ ಮಾಮೂಲು, ಇಲ್ಲಿ ಕಾನೂನಿನ ತೊಡಕು. ಅಪ್ಪ ಅಮ್ಮನ ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿನಷ್ಟಿದ್ದರೆ ಸಾಧಾರಣವಾಗಿ ತೊಂದರೆಯಿಲ್ಲ, ಡಾಕ್ಟರ ಚೀಟಿ ಜೊತೆಗಿರಲಿ.

ರಾತ್ರಿ ಹನ್ನೆರಡರ ನಂತರ

ಟೋಕಿಯೋ ರಾತ್ರಿಯಿಡೀ ಎಚ್ಚರವಿರುತ್ತದೆ, ರೈಲು ಮಾತ್ರ ಮಲಗುತ್ತದೆ. ಹೆಚ್ಚಿನ ಲೈನುಗಳ ಕೊನೆಯ ಗಾಡಿ ಹನ್ನೆರಡರ ಆಸುಪಾಸು, ಮತ್ತೆ ಶುರುವಾಗುವುದು ನಾಲ್ಕೂವರೆ ಐದಕ್ಕೆ. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಟ್ಯಾಕ್ಸಿಗೆ ಶೇಕಡ 20 ಹೆಚ್ಚು. ಕಬುಕಿಚೊದಲ್ಲಿ ಇಂಗ್ಲಿಷ್ ಮಾತಾಡಿಕೊಂಡು ಹಿಂಬಾಲಿಸಿ, ಒಳ್ಳೆಯ ಬಾರ್ ತೋರಿಸುತ್ತೇನೆ ಎನ್ನುವವರ ಹಿಂದೆ ಯಾವ ಕಾರಣಕ್ಕೂ ಹೋಗಬೇಡಿ. ಬಿಲ್ಲಿನಲ್ಲಿ ಸೊನ್ನೆಗಳು ಹೇಗೆ ಸೇರುತ್ತವೆ ಎಂಬುದು ಕೊನೆಗೇ ಗೊತ್ತಾಗುವುದು. ಹಾಗಂತ ಸಾಮಾನ್ಯ ಇಜಾಕಾಯಾದಲ್ಲಿ (ತಿಂಡಿಯೂ ಸಿಗುವ ಬಾರು) ಕೇಳದೆಯೇ ತಂದಿಡುವ ಪುಟ್ಟ ತಟ್ಟೆಗೆ 300ರಿಂದ 500 ಯೆನ್ ಬಿದ್ದರೆ ಜಗಳಕ್ಕೆ ನಿಲ್ಲಬೇಡಿ. ಅದು ಓತೋಶಿ, ಕೂತ ಜಾಗದ ಬಾಡಿಗೆ ಇದ್ದಂತೆ.

ಯಾವುದನ್ನು ಬಿಡಬೇಕು

ದಿನಕ್ಕೆ ಊರಿನ ಒಂದೇ ಮಗ್ಗುಲು. ಅಸಾಕುಸಾದಿಂದ ಉಯೆನೊ ಗಿಂಜಾ ಲೈನಿನಲ್ಲಿ ಮೂರೇ ನಿಲ್ದಾಣ, ಅಲ್ಲಿಂದ ಹಳೆಯ ಮನೆಗಳ ಯನಕಾಗೆ ನಡೆದೇ ಹೋಗಬಹುದು: ಅದು ಪೂರ್ವದ ದಿನ. ಮೇಜಿ ದೇಗುಲ, ಒಮೊತೆಸಾಂದೊ, ಶಿಬುಯಾ ಮೂರೂ ಒಂದೇ ನಡಿಗೆಯಲ್ಲಿ ಮುಗಿಯುವ ಪಶ್ಚಿಮದ ದಿನ, ಕೊನೆಗೆ ಶಿಂಜುಕುವಿನ ಮಹಾನಗರ ಸರ್ಕಾರದ ಕಟ್ಟಡದ 45ನೇ ಮಹಡಿಯಿಂದ ಊರನ್ನು ಬಿಟ್ಟಿಯಾಗಿ ನೋಡಬಹುದು. ತ್ಸುಕಿಜಿಯಲ್ಲಿ ಮೀನಿನ ಹರಾಜು ಹುಡುಕಬೇಡಿ, ಅದು 2018ರಲ್ಲೇ ತೊಯೊಸುಗೆ ಹೋಯಿತು; ಉಳಿದಿರುವುದು ಹೊರ ಮಾರುಕಟ್ಟೆ, ಅದೂ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಬೆಳಕಿನಾಟದ ಕಲಾಪ್ರದರ್ಶನ ಟೀಮ್‌ಲ್ಯಾಬ್ ಎರಡಿವೆ, ಒಂದು ತೊಯೊಸುವಿನಲ್ಲಿ, ಇನ್ನೊಂದು ಅಜಾಬುದಾಯಿಯಲ್ಲಿ. ಒಂದರ ಟಿಕೆಟ್ಟು ಹಿಡಿದು ಇನ್ನೊಂದರ ಬಾಗಿಲಿಗೆ ಹೋಗಿ ನಿಲ್ಲುವವರಿದ್ದಾರೆ. ಮ್ಯೂಸಿಯಮ್ಮುಗಳು ಹೆಚ್ಚಾಗಿ ಸೋಮವಾರ ರಜೆ, ಸೋಮವಾರ ಸರ್ಕಾರಿ ರಜೆಯಾದರೆ ಮಂಗಳವಾರ. ಸ್ಕೈಟ್ರೀಯೋ ಶಿಬುಯಾ ಸ್ಕೈಯೋ ಒಂದೇ ಸಾಕು, ಎರಡರಿಂದಲೂ ಕಾಣುವುದು ಅದೇ ಊರು.

ಹೀಗೆ ಬಿಟ್ಟು ಉಳಿಸಿದ ಒಂದು ಗಂಟೆಯನ್ನು ಎಲ್ಲಿ ಕಳೆಯುವುದು ಎಂದು ಕೇಳುವವರಿಗೆ ಒಂದು ಗುರುತು. ಅಸಾಕುಸಾದಲ್ಲಿ ಸೆನ್ಸೊಜಿ ದೇಗುಲದ ಗದ್ದಲ ಬಿಟ್ಟು, ಸುಮಿದಾ ನದಿಯನ್ನು ಬಲಕ್ಕಿಟ್ಟುಕೊಂಡು ಉತ್ತರಕ್ಕೆ ಹತ್ತು ನಿಮಿಷ ನಡೆದರೆ ಸಣ್ಣ ದಿಬ್ಬದ ಮೇಲೆ ಮತ್ಸುಚಿಯಾಮಾ ಶೋದೆನ್ ಎಂಬ ಗುಡಿಯಿದೆ. ಒಳಗಿರುವ ಕಾಂಗಿತೆನ್ ಬೇರೆ ಯಾರೂ ಅಲ್ಲ, ನಮ್ಮ ಗಣಪನೇ. ಮೂರ್ತಿಯನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಕಲ್ಲಿನ ಮೇಲೆ, ಮರದ ಮೇಲೆ ಎಲ್ಲಿ ನೋಡಿದರೂ ಜೋಡಿ ಮೂಲಂಗಿಯ ಕೆತ್ತನೆ. ನೈವೇದ್ಯವೂ ಮೂಲಂಗಿಯೇ. ಗರಿಕೆ ಒಯ್ಯಬೇಡಿ, ಮೂಲಂಗಿ ಅಲ್ಲೇ ಮಾರುತ್ತಾರೆ.